ಸಾವಿನ ಮನೆಯ ರೊಟ್ಟಿ

ರೊಟ್ಟಿ ಕೂಡಿಸುವ ಟ್ರ್ಯಾಕ್ಟರ್ ನಮ್ಮ ಮನೆ ಮುಂದೆ ತಾನೇ ನಿಂತಿತೋ, ಅಥವಾ ನಿಲ್ಲದೆ ಹೊರಟಿದ್ದನ್ನು ಅವ್ವನೇ ಕೂಗಿ ನಿಲ್ಲಿಸಿದಳೋ; ಇದು ನನ್ನ ನೆನಪೋ, ಆಮೇಲೆ ಕೇಳಿದ್ದೋ ಹೇಳಲಾರೆ. ಭೀಮಾ ನದಿಯ ನೀರು ಹೊಕ್ಕ ಹಳ್ಳಿಯೊಂದಕ್ಕೆ ಕೊಡಲು ದೋರನಹಳ್ಳಿಯಲ್ಲಿ ಮನೆಮನೆಯಿಂದ ಜೋಳದ ರೊಟ್ಟಿ ಕೂಡಿಸುತ್ತಿದ್ದರು. ಅಪ್ಪ ಸತ್ತು ವಾರವೂ ಆಗಿರಲಿಲ್ಲ. ಸಾವಿನ ಮನೆಯ ರೊಟ್ಟಿಯನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಆದರೂ ಅವ್ವ ಬುಟ್ಟಿ ತುಂಬ ಬಡಿದಿಟ್ಟಿದ್ದಳು.

“ಸೂತಕದ ದಿನ ಮುಗೀಲಿ ಬಿಡ ತಂಗಿ,” ಎಂದ ಸೋದರಮಾವ, ಟ್ರ್ಯಾಕ್ಟರ್ ಮೇಲಿಂದಲೇ.

“ನೀರಾಗ ಕುಂತವ್ರು ನನ್ನ ದಿನ ಎಣಿಸ್ಕೋತ ಕುಂತಾರೇನಣ್ಣಾ? ಇವತ್ತ ಒಂದ ಕೆಲಸ ಮಾಡೀನಿ. ಅದನ್ನೂ ಒಲ್ಲೆ ಅಂದ್ರ ಹೆಂಗ?”

ಮಾವ ಬುಟ್ಟಿ ತೆಗೆದುಕೊಂಡ. ಉಳಿದ ರೊಟ್ಟಿಯ ಚೀಲಗಳಿಂದ ದೂರ, ತನ್ನ ಕಾಲ ಬಳಿ ಇಟ್ಟುಕೊಂಡ. ನಾನೂ ಹತ್ತಿದೆ. ದಾರಿಯುದ್ದಕ್ಕೂ ಹತ್ತಿ, ತೊಗರಿ, ಮತ್ತೆ ಹತ್ತಿ. ನೋಡುತ್ತಿದ್ದೆ, ಏನೂ ಅನಿಸುತ್ತಿರಲಿಲ್ಲ. ಜನ ಆಶ್ರಯ ಪಡೆದಿದ್ದ ಶಾಲೆಯಲ್ಲಿ ಮಾವ ರೊಟ್ಟಿ ಹಂಚಿದ. ನಾನು ಇನ್ನೊಂದು ಕೋಣೆಯಲ್ಲಿ ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿ ಹಂಚುತ್ತಿದ್ದೆ. ಮರಳುವಾಗ ಬುಟ್ಟಿ ಖಾಲಿಯಿತ್ತು.

“ತಿಂದ್ರೇನು?” ಅವ್ವ ಕೇಳಿದಳು.

“ಎಲ್ಲಾ ತಿಂದ್ರವ್ವ,” ಎಂದ ಮಾವ.

ಅವ್ವ ಊಟಕ್ಕೆ ಕುಳಿತಳು. ಆ ರೊಟ್ಟಿಯನ್ನು ಅವರು ತಿಂದರೋ, ಮಾವ ಎಲ್ಲಾದರೂ ಚೆಲ್ಲಿದನೋ, ನಾನು ನೋಡಲಿಲ್ಲ. ನನಗೆ ಗೊತ್ತಿಲ್ಲ.