ಬಚ್ಚಲಿಗೆ ಬಂದು ಕೂತ ಹೂಜಿ ಗಿಡ

ನಮ್ಮ ಮನೆಯಲ್ಲಿ ಈಗ ಯಾರೂ ನೆಮ್ಮದಿಯಾಗಿ ಸ್ನಾನ ಮಾಡುವಂತಿಲ್ಲ. ಬಚ್ಚಲಿನ ಕಿಟಕಿಯಲ್ಲಿ ಮಾಂಸ ತಿನ್ನುವ ಗಿಡವೊಂದು ಕೂತಿದೆ!

ನಂಬಲಿಲ್ಲವೇ? ನವಲಗುಂದಕ್ಕೆ ಬಂದು ನೋಡಿ. (ಬರುವಾಗ ನೊಣ ತರಬೇಡಿ, ನಮ್ಮಲ್ಲಿ ಧಾರಾಳವಾಗಿವೆ.)

ತಂದವನು ನನ್ನ ಹೆಂಡತಿ ಶಾಂತಾಳ ತಮ್ಮ ಈರಣ್ಣ. ಶಿಲ್ಲಾಂಗ್ ಕಡೆ ನೌಕರಿ. ಎಲ್ಲರ ತಮ್ಮಂದಿರು ರಜೆಗೆ ಬರುವಾಗ ಅಕ್ಕನಿಗೆ ಸೀರೆ ತಂದರೆ ಇವನು ತಂದದ್ದು ಹೂಜಿ ಗಿಡ. ಎಲೆಯ ತುದಿಗೊಂದು ಹೂಜಿ, ಅದಕ್ಕೊಂದು ಮುಚ್ಚಳ, ಒಳಗೆ ನೀರು. ಜಾರಿ ಬಿದ್ದ ನೊಣ ಅಲ್ಲೇ ಕರಗಿ ಗಿಡಕ್ಕೆ ಊಟ.

"ಇದಕ್ಕ ತಂಪು ಬೇಕು. ಸವಳ ನೀರು ಆಗಂಗಿಲ್ಲ" ಎಂದು ಹೇಳಿ ಹೋದ. ತಂಪಿಗೆ ಬಚ್ಚಲು ಸಿಕ್ಕಿತು. ನೀರು? ನಮ್ಮೂರ ಬಾವಿಗಳೆಲ್ಲ ಸವಳು, ಬಾಯಿಗಿಟ್ಟರೆ ಉಪ್ಪು. ಹಾಗಾಗಿ ಶಾಂತಾ ಕೆರೆಯಿಂದ ಹೊತ್ತು ತಂದ ಸಿಹಿನೀರು ಮೊದಲು ಗಿಡಕ್ಕೆ, ಆಮೇಲೆ ನನ್ನ ಚಹಾಕ್ಕೆ. ತವರಿನ ಗಿಡ ಸ್ವಾಮಿ!

ನಮ್ಮವ್ವನದು ಬೇರೆ ಚಿಂತೆ. "ಮಾಂಸ ತಿನ್ನೂದರ ಮುಂದ ಜಳಕಾ ಮಾಡಿದ್ರ ಮಡಿ ಹೆಂಗ ಆಗತೈತೋ ಯಪ್ಪಾ?" ಎಂದು ಗಿಡದ ಮೇಲೆ ಟವೆಲ್ ಮುಚ್ಚಿಯೇ ಸ್ನಾನಕ್ಕೆ ಕೂಡುತ್ತಾಳೆ. ನಮಗೂ ಅದೇ ಅಪ್ಪಣೆ.

ಹೀಗಿರುವಾಗ ಈರಣ್ಣ ಬರುತ್ತೇನೆಂದು ತಂತಿ ಹೊಡೆದ. ಅದೇ ವಾರ ಕೆಳಗಿನ ಹೂಜಿಗಳು ಕಂದು ಬಣ್ಣಕ್ಕೆ ತಿರುಗಿ ಒಣಗತೊಡಗಿದವು. ಶಾಂತಾ ಅಳುವುದೊಂದು ಬಾಕಿ.

"ನನ್ನ ತಮ್ಮಗ ಏನಂತ ಮಾರಿ ತೋರಸಲಿ? ನೀವ ಏನರ ಮಾಡೀರಿ!"

ನಾನೇನು ಮಾಡಲಿ? ಹೈಸ್ಕೂಲಿನಲ್ಲಿ ಸೈನ್ಸ್ ಹೇಳುವವನು, ಮನೆಯಲ್ಲೂ ಸೈನ್ಸ್ ಹೇಳಿದೆ. "ಹಳೇ ಹೂಜಿ ಒಣಗೂದು ಸಹಜ. ಎಲಿ ಹಸರ ಐತಿ, ಮ್ಯಾಲೆ ಹೊಸಾ ಹೂಜಿ ಬರಾಕತ್ತೈತಿ. ಒಣಗಿದ್ದಷ್ಟ ಕತ್ತರಿಸೂಣು."

"ಮುಟ್ಟಿದ್ರ ನೋಡ್ರಿ! ನಮ್ಮ ತವರಿನ ಗಿಡ ಅಂದ್ರ ನಿಮ್ಮ ಕಣ್ಣಾಗ ಚುಚ್ಚತೈತಿ."

ಕತ್ತರಿ ಜೋಳದ ಡಬ್ಬಿಯೊಳಗೆ ಹೋಯಿತು.

ಇತ್ತ ಅವ್ವ ತನ್ನದೇ ಚಿಕಿತ್ಸೆ ಶುರು ಮಾಡಿದ್ದಳು. ಒಂದು ಮುಂಜಾನೆ ನೋಡುತ್ತೇನೆ, ಹಸಿರಿದ್ದ ಹೂಜಿಯನ್ನು ಬಗ್ಗಿಸಿ, ನೀರು ಚೆಲ್ಲಿ, ಒಳಗೆ ಬೆರಳು ಹಾಕಿ ತಿಕ್ಕುತ್ತಿದ್ದಾಳೆ!

"ಅವ್ವಾ, ಅದು ಗಿಡದ ಹೊಟ್ಟಿ ಬೇ!"

"ಹೊಟ್ಟಿ ಆದ್ರೇನೋ? ಎಂದಿನ ನೊಣ ಅದಾವು ನೋಡು. ಮುಸರಿ ಇಟಗೊಂಡು ಕುಂತ್ರ ಒಣಗದ ಏನಾಗತೈತಿ?"

ಈರಣ್ಣ ಬಂದ. ಬೂಟು ಬಿಚ್ಚುವ ಮೊದಲೇ ಅಕ್ಕ ಅವನನ್ನು ಬಚ್ಚಲಿಗೆ ಎಳೆದೊಯ್ದಳು. ಅವನು ಗಿಡವನ್ನು ಆಚೀಚೆ ತಿರುಗಿಸಿ ನೋಡಿದ.

"ಅಕ್ಕಾ, ಇವು ಹಳೇವು. ಒಣಗೂವ. ಕತ್ತರಿ ಕೊಡು."

ಶಾಂತಾ ಓಡಿಹೋಗಿ ಕತ್ತರಿ ತಂದಳು. ಜೋಳ ಅಡುಗೆಮನೆ ತುಂಬ ಚೆಲ್ಲಿತ್ತು. ಅವನು ಕಚಕಚ ಕತ್ತರಿಸಿದ.

"ನೋಡ್ರಿ, ಹೆಂಗ ಬರೋಬರಿ ಹೇಳಿದ!" ಎಂದಳು ನನ್ನತ್ತ ತಿರುಗಿ. "ಸೈನ್ಸ್ ಮಾಸ್ತರಾಗಿ ನಿಮಗ ಇಷ್ಟೂ ತಿಳೀಲಿಲ್ಲಲ್ಲ?"

"ಶಾಣ್ಯಾ ಅದಾನ ಹುಡುಗ" ಎಂದಳು ಅವ್ವ. ಹೆತ್ತ ತಾಯಿ! ಎಷ್ಟು ಸಿಟ್ಟು ಬಂತೆಂದರೆ ಅವತ್ತು ನಾನು ಗಿಡಕ್ಕೆ ಟವೆಲ್ ಮುಚ್ಚದೇ ಸ್ನಾನ ಮಾಡಿದೆ.

ಇದೇನು ಹೊಸದಲ್ಲ. ಟ್ರಾನ್ಸಿಸ್ಟರಿನ ಸೆಲ್ ಬಿಸಿಲಿಗಿಟ್ಟರೆ ಇನ್ನೊಂದಿಷ್ಟು ಹಾಡುತ್ತದೆ ಎಂದು ನಾನು ಹೇಳಿದರೆ ಮನೆಮಂದಿಗೆಲ್ಲ ನಗು. ಅದನ್ನೇ ಬಾಜು ಮನೆಯವರು ಹೇಳಿದರೆ ಮರುದಿನ ಕಟ್ಟೆಯ ಮೇಲೆ ಸೆಲ್ಲುಗಳ ಸಾಲು.

ನಮ್ಮ ಮನೆಗೆ ಬುದ್ಧಿಮಾತು ಶಿಲ್ಲಾಂಗಿನಿಂದ ಬರಬೇಕಾಯಿತು. ನಿಮ್ಮ ಮನೆಗೆ ಎಲ್ಲಿಂದ?