ಕೆನ್ನೆಗಿಟ್ಟು ನೋಡುವ ಹಲಗೆ

ಬಾರಿಸುವ ಮುನ್ನ ಹಲಗೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದ ಮೇಲೆ ಅವರು ಅದನ್ನು ಎಡಗೆನ್ನೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಚರ್ಮದ ಬಿಸಿ ಸಾಕೆನಿಸಿದರೆ ಮಾತ್ರ ವೇದಿಕೆ ಹತ್ತುತ್ತಿದ್ದರು. ಸಂಡೂರಿನಲ್ಲಿ ಅದಿರಿನ ಲಾರಿಗಳಿಗೆ ತಾಡಪಾಲು ಕಟ್ಟುವುದು ಅವರ ಹೊಟ್ಟೆಪಾಡು. ಎಷ್ಟು ತೊಳೆದರೂ ಆ ಕೆನ್ನೆಯ ಸುಕ್ಕುಗಳಲ್ಲಿ ಕೆಂಪು ಧೂಳು ಉಳಿದಿರುತ್ತಿತ್ತು. ನಮಗೆಲ್ಲ ಅವರು ಕಾಕಾ.

ಹೊಸಪೇಟೆಯ ನಾವು ನಾಲ್ವರು ಗೆಳೆಯರು ಗಿಟಾರು, ಕೀಬೋರ್ಡು ಹಿಡಿದು ಬ್ಯಾಂಡ್ ಕಟ್ಟಿದ್ದೆವು. ಜನಪದಕ್ಕೆ ರಾಕ್ ಬೆರೆಸುತ್ತೇವೆಂಬ ಜಂಬ ಬೇರೆ! ಕಾಕಾ ಸೇರುವವರೆಗೆ ನಮ್ಮದು ಬರೀ ಗದ್ದಲ. ಅವರು ಬಂದ ಮೇಲೆ ಕಂಪ್ಲಿ, ತೋರಣಗಲ್ಲಿನಿಂದ ಕರೆಗಳು ಬಂದವು. ಗಣಿಯ ಭರಾಟೆಯ ದಿನಗಳು. ಯಾರದೇ ಹುಟ್ಟುಹಬ್ಬವಿದ್ದರೂ ವೇದಿಕೆ ಏಳುತ್ತಿತ್ತು.

ಹೋದಲ್ಲೆಲ್ಲ ಹುಲ್ಲು ಹುಡುಕಿ ಬೆಂಕಿ ಹಾಕುವುದು ನನಗೆ ಕಿರಿಕಿರಿ. ಹಂಪಿಯ ಕಾರ್ಯಕ್ರಮಕ್ಕೆ ಮುಂಚೆ, ಅವರಿಗೆ ಹೇಳದೆ, ವಾದ್ಯದ ಅಂಗಡಿಯಲ್ಲಿ ಹಲಗೆಯ ಚರ್ಮ ತೆಗೆಸಿ, ಕಾಯಿಸಬೇಕಿಲ್ಲದ ಫೈಬರ್ ಹಾಕಿಸಿದೆ. ಉಪಕಾರವೆಂದೇ ನಂಬಿದ್ದೆ. ಕಾಕಾ ರೂಢಿಯಂತೆ ಕೆನ್ನೆಗಿಟ್ಟುಕೊಂಡರು.

"ನಮ್ಮಪ್ಪ ಬಿಗಿದ ಚರ್ಮ ಎಲ್ಲೈತಿ?"

ಮಾಡಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಅಂದು ಆ ಫೈಬರನ್ನೇ ಬಾರಿಸಿ ನಮ್ಮ ಮಾನ ಉಳಿಸಿದರು.

ಮರುದಿನ ಅಂಗಡಿಯ ಹಿತ್ತಲಲ್ಲಿ ಆ ಚರ್ಮ ಮುರುಟಿಕೊಂಡು ಬಿದ್ದಿತ್ತು. ಹೆದರುತ್ತಲೇ ಒಯ್ದುಕೊಟ್ಟೆ.

"ಬಿಚ್ಚಿಸಿದಾಂವ ನೀನು, ಈಗ ನೀನಾ ಬಿಗಿ. ಕುಂದ್ರು."

ಅಕ್ಕಿ ಗಿರಣಿಯವರ ಮಗ ನಾನು. ನಮ್ಮ ಹೊಸ್ತಿಲೊಳಗೆ ಹಲಗೆ ಬರುವಂತಿರಲಿಲ್ಲ. ಅವರ ಅಂಗಳದಲ್ಲಿ ಕೂತು ಚರ್ಮ ನೆನೆಸಿದೆ, ಹುಣಸೆ ಬೀಜದ ಅಂಟು ಅರೆದೆ, ಬೆರಳು ಕಿತ್ತುಬರುವಂತೆ ಎಳೆದೆ. "ಜಲ್ದಿ ಬ್ಯಾಡಲೇ, ಹರೀತೈತಿ" ಎನ್ನುತ್ತ ಅವರು ನಗುತ್ತಿದ್ದರು. ಅಷ್ಟು ಸುಲಭವಾಗಿ ನನ್ನನ್ನು ಯಾರೂ ಕ್ಷಮಿಸಿರಲಿಲ್ಲ.

ಮುಂದೆ ಗಣಿಗಳು ನಿಂತವು, ಕರೆಗಳೂ ನಿಂತವು. ಬ್ಯಾಂಡಿನಿಂದ ಉಳಿದದ್ದು ಒಂದು ಸಿ.ಡಿ.; ಅದನ್ನು ಹಾಕಿ ಕೇಳುವ ಯಂತ್ರ ಈಗ ನಮ್ಮ ನಾಲ್ವರಲ್ಲಿ ಯಾರ ಮನೆಯಲ್ಲೂ ಇಲ್ಲ.

ಕಾಕಾ ತೀರಿಕೊಂಡ ದಿನ ಅವರ ಮಗಳು ಹಲಗೆ ತಂದು ನನ್ನ ಕೈಗಿಟ್ಟಳು. "ನೀವಾ ಬಾರಸ್ಬೇಕಂತ ಅಪ್ಪ ಹೇಳ್ಯಾನ್ರಿ."

ರಸ್ತೆಯಾಚೆ ನಮ್ಮ ಬಂಧುಬಳಗದವರು ನಿಂತು ನೋಡುತ್ತಿದ್ದರು. ಹಾಡೆಂದರೇನೆಂದು ನನಗೆ ಕಲಿಸಿದ ಮನುಷ್ಯನಿಗೆ ಇಷ್ಟಾದರೂ ಮಾಡದಿದ್ದರೆ ನಾನೇತಕ್ಕೆ? ಹುಲ್ಲಿಗೆ ಬೆಂಕಿ ಹಚ್ಚಿದೆ. ಕಾಯಿಸಿ, ಎಡಗೆನ್ನೆಗೆ ಒತ್ತಿ, ಕಣ್ಣು ಮುಚ್ಚಿದೆ. ಸಾಲದೆನಿಸಿತು. ಇನ್ನೊಂದು ಹಿಡಿ ಹುಲ್ಲು ಹಾಕಿ ಮತ್ತೆ ಕಾಯಿಸಿದೆ. ಆಮೇಲೆ ಕಾಕಾನ ಚಟ್ಟದ ಮುಂದೆ, ಮಣ್ಣಿನವರೆಗೂ ಬಾರಿಸುತ್ತ ನಡೆದೆ.