ಒಂದು ಶೂ ಬಿಟ್ಟು ಹೋಗಿ

ನನ್ನ ತಂಗಿ ಡೊರೀನಳ ಗಂಡ ಕ್ಲಿಫರ್ಡ್ ಲಾರ್ಟರ್ ನಾರ್ವಿಚ್‌ನಲ್ಲಿ ಬಸ್ಸು ಓಡಿಸುತ್ತಿದ್ದವನು. ವಾರವೆಲ್ಲ ಸ್ಟಿಯರಿಂಗ್ ತಿರುಗಿಸಿದವನು ರಜೆಯ ದಿನವಾದರೂ ಕಾಲು ಚಾಚಿ ಕೂರಬೇಕೋ ಬೇಡವೋ? ಬೆಳಿಗ್ಗೆಯೇ ಕಾರು ಹತ್ತಿ ಹಳೆಯ ಚರ್ಚುಗಳನ್ನೂ ಹಾಳುಬಿದ್ದ ಮಠಗಳನ್ನೂ ನೋಡಲು ಹೊರಟುಬಿಡುತ್ತಿದ್ದ. ಭಕ್ತಿಗಿಕ್ತಿ ಏನೂ ಇಲ್ಲ. ಭಾನುವಾರದ ಪ್ರಾರ್ಥನೆಗೆ ಅವನು ಹೋದದ್ದನ್ನು ನಾನಂತೂ ಕಂಡಿಲ್ಲ. ಕಲ್ಲು, ಮರ, ಬಣ್ಣ, ಇಷ್ಟೇ ಅವನಿಗೆ ಬೇಕಾದದ್ದು. ಡೊರೀನ್ ಕಾರಿನಲ್ಲೇ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತ ಪದಬಂಧ ಬಿಡಿಸುತ್ತಿದ್ದಳು.

"ಇನ್ನೊಬ್ಬಳ ಸಹವಾಸ ಆಗಿದ್ರೆ ಹೋಗಿ ಜಗಳ ಆಡಬಹುದಿತ್ತು. ಗೋಡೆ ಹತ್ರ ಏನಂತ ಆಡೋದು?" ಅನ್ನುತ್ತಿದ್ದಳು.

ನಮ್ಮ ಕಡೆ ಹಳ್ಳಿಯ ಚರ್ಚಿಗೆ ಬೀಗ ಬಿದ್ದಿದ್ದರೆ ಬಾಗಿಲ ಮೇಲೊಂದು ಚೀಟಿ ಇರುತ್ತದೆ, ಕೀಲಿ ಇಂಥವರ ಮನೆಯಲ್ಲಿದೆ ಎಂದು. ಹೋಗಿ ಕೇಳಿದರೆ ಯಾರು ಎತ್ತ ಎಂದು ವಿಚಾರಿಸದೆ ಕೊಡುತ್ತಾರೆ. ನೋಡಿ ಮುಗಿಸಿ ಹಿಂದಕ್ಕೆ ಕೊಟ್ಟರಾಯಿತು. ಕ್ಲಿಫ್ ಪ್ರಾಯದಲ್ಲಿದ್ದಾಗ ಆಲ್ಡರ್‌ಬಿಗೆ ಹೋದ. ಅಲ್ಲಿ ಎನಿಡ್ ಥರ್ಟಲ್ ಎಂಬ ಹುಡುಗಿಯ ಕೈಯಿಂದ ಕೀಲಿ ಈಸಿಕೊಂಡು ಚರ್ಚು ನೋಡಿ, ಬೀಗ ಹಾಕಿ, ಕೀಲಿಯನ್ನು ಕೋಟಿನ ಜೇಬಿಗಿಳಿಸಿ ನೆಟ್ಟಗೆ ಮನೆಗೆ ಬಂದುಬಿಟ್ಟ. ಕೋಟು ಕಳಚಿ ನೇತುಹಾಕುವಾಗ ಜೇಬು ಜೋತುಬಿದ್ದಿತ್ತು. ಕೈ ಹಾಕಿದರೆ ಗೇಣುದ್ದದ ಕಬ್ಬಿಣ. ಮಾರನೆಯ ದಿನ ಹೆಸರು ಬರೆಯದೆ ಅಂಚೆಗೆ ಹಾಕಿದ.

ಅದೇ ಬೆಳಿಗ್ಗೆ ಆಲ್ಡರ್‌ಬಿಯಲ್ಲಿ ಎನಿಡ್‌ಳ ತಾಯಿಯ ಅಂತ್ಯಕ್ರಿಯೆ. ಇದ್ದದ್ದು ಅದೊಂದೇ ಕೀಲಿ. ಕೊನೆಗೆ ಪಕ್ಕದ ಹಾಳು ಮಠದಲ್ಲಿ, ಸೂರಿಲ್ಲದ ಗೋಡೆಗಳ ನಡುವೆ, ಉರುಳಿಬಿದ್ದ ಕಂಬದ ಮೇಲೆ ಶವಪೆಟ್ಟಿಗೆ ಇಟ್ಟು, ಪಾದ್ರಿ ಕೊಡೆ ಹಿಡಿದು ಜಿನುಗು ಮಳೆಯಲ್ಲಿ ಪ್ರಾರ್ಥನೆ ಓದಿ ಮುಗಿಸಿದರಂತೆ. ಕ್ಲಿಫನಂತೆ ಚರ್ಚು ಸುತ್ತುವವರು ಬಿಯರ್ ಕುಡಿಯುತ್ತ ಈ ಕತೆ ಹೇಳಿಕೊಂಡು ನಗುತ್ತಿದ್ದಾಗ ಅದು ಅವನ ಕಿವಿಗೂ ಬಿತ್ತು. ಅವನು ನಗಲಿಲ್ಲ. ಆಮೇಲೆ ಆಲ್ಡರ್‌ಬಿಯ ದಾರಿ ಸಿಕ್ಕರೆ ಊರು ಬಳಸಿಕೊಂಡು ಹೋಗತೊಡಗಿದ. ಅಲ್ಲಿ ಎನಿಡ್ ಹೊಸ ಪದ್ಧತಿ ತಂದಿದ್ದಳು. ಕೀಲಿ ಬೇಕಾದವರು ಕಾಲಿನದೊಂದು ಶೂ ಬಿಚ್ಚಿಟ್ಟು ಹೋಗಬೇಕು.

ಹೋದ ವಸಂತದಲ್ಲಿ ಡಾಕ್ಟರು ಕ್ಲಿಫನ ಕಣ್ಣು ನೋಡಿ ಕೈಚೆಲ್ಲಿದರು. ನೋಟದ ನಡುಭಾಗವೇ ಅಳಿಸಿಹೋಗುವ ಕಾಯಿಲೆ. ಆಗಲೇ ಮುಖಗಳು ಕಾಣುತ್ತಿರಲಿಲ್ಲ. ಡೊರೀನಳನ್ನು ದನಿಯಿಂದ ಗುರುತು ಹಿಡಿಯುತ್ತಿದ್ದ.

"ಆಲ್ಡರ್‌ಬಿಗೆ ಕರ್ಕೊಂಡು ಹೋಗ್ತೀಯಾ?" ಅಂತ ನನ್ನನ್ನು ಕೇಳಿದ. "ಅಲ್ಲಿ ಪೂಜಾಪೀಠದ ಮುಂದಿನ ಮರದ ತಡಿಕೆ ಮೇಲೆ ಸಂತರ ಸಾಲು ಬರೆದಿದಾರೆ. ಆ ಬಣ್ಣ ಇನ್ನೆಲ್ಲೂ ಇಲ್ಲ. ಕಣ್ಣಿರೋವಾಗ ಇನ್ನೊಂದ್ಸಲ ನೋಡ್ಬೇಕು."

"ಕೀಲಿ ಈಗ್ಲೂ ಆ ಹೆಂಗಸಿನ ಹತ್ರಾನೇ ಇರೋದಲ್ವಾ?"

"ಹೌದು. ಹೇಳಿಯೇ ಈಸ್ಕೋಬೇಕು."

"ಯಾಕೆ ಮೈಮೇಲೆ ಎಳ್ಕೋತೀಯಾ ಮಾರಾಯ? ಸುಮ್ನೆ ಈಸ್ಕೊ. ನಿನ್ನ ಗುರುತು ಅವಳಿಗೆಲ್ಲಿರುತ್ತೆ?"

"ಸುಮ್ನೆ ಈಸ್ಕೊಂಡ್ರೆ ಒಳಗೆ ಹೋಗಿ ಅದನ್ನೇ ಯೋಚಿಸ್ತಾ ನಿಂತಿರ್ತೀನಿ."

ಎನಿಡ್ ಥರ್ಟಲ್ ಈಗ ಮುದುಕಿ. ಕೈಗೆ ಹಿಟ್ಟು ಮೆತ್ತಿಕೊಂಡೇ ಬಾಗಿಲು ತೆರೆದಳು. ನಮ್ಮ ಮುಖ ನೋಡದೆ ಕಾಲು ನೋಡಿ, "ಒಂದು ಬಿಚ್ಚಿ" ಅಂದಳು. ಕೀಲಿ ಅವಳ ಕೈಯಲ್ಲೇ ಇತ್ತು. ಕ್ಲಿಫ್ ಟೋಪಿ ತೆಗೆದ.

"ಅಮ್ಮಾ, ಅವತ್ತು ಕೀಲಿ ಹೊತ್ತುಕೊಂಡು ಹೋದವನು ನಾನೇ."

ಅವಳು ಕೀಲಿಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದಳು. ಬಂದ ದಾರಿಗೆ ಸುಂಕವಿಲ್ಲ ಅಂದುಕೊಂಡೆ.

"ನಮ್ಮಮ್ಮ ಜೀವಮಾನವೆಲ್ಲ ಆ ಚರ್ಚಿನ ನೆಲ ಒರೆಸಿದೋಳು" ಅಂದಳು. "ಕೊನೇ ದಿನ ಅವಳಿಗೇ ಬಾಗಿಲು ತೆಗೀಲಿಲ್ಲ."

"ಗೊತ್ತು."

"ಗೊತ್ತಿದ್ದೂ ಇಷ್ಟು ವರ್ಷ ಎಲ್ಲಿದ್ರಿ?"

"ಹೆದರಿಕೆ ಆಗ್ತಿತ್ತು. ಈಗ ಕಣ್ಣು ಹೋಗ್ತಾ ಇದೆ. ಅದಕ್ಕೇ ಬಂದೆ."

ಅವಳು ಒಳಗೆ ಹೋದಳು. ಒಲೆಯ ಮೇಲಿನದೇನನ್ನೋ ಇಳಿಸಿಟ್ಟ ಸದ್ದಾಯಿತು. ಹೊರಗೆ ಬಂದವಳು ಅಂದಳು, "ಎರಡೂ ಬಿಚ್ಚಿ."

ಕ್ಲಿಫ್ ಬರೀ ಸಾಕ್ಸಿನಲ್ಲಿ, ನಾನು ಶೂ ಹಾಕಿಕೊಂಡೇ, ಒದ್ದೆ ಹುಲ್ಲಿನಲ್ಲಿ, ಹಾಳು ಮಠದ ಗೋಡೆ ಹಾದು ಚರ್ಚಿಗೆ ನಡೆದೆವು. ನನ್ನ ಶೂ ಯಾರೂ ಕೇಳಿರಲಿಲ್ಲ, ಆದರೂ ಒಂದು ಗಳಿಗೆ ನನಗೆ ನಾಚಿಕೆಯಾಯಿತು. ಒಳಗೆ ಕ್ಲಿಫ್ ತಡಿಕೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಕೋಳಿ ನೋಡುವ ಹಾಗೆ ತಲೆ ವಾರೆ ಮಾಡಿ, ಕಣ್ಣಂಚಿನಿಂದ ಒಬ್ಬೊಬ್ಬರನ್ನೇ ನೋಡುತ್ತ ಹೋದ.

"ಕೆಂಪು ಹಾಗೇ ಇದೆ. ಹಸಿರೂ ಇದೆ."

"ಮುಖ ಕಾಣ್ತಿದೆಯಾ?" ಅಂದೆ. ಆಮೇಲೆ ನಾನೇ ಸರಿಯಾಗಿ ನೋಡಿದೆ. ಸಂತರ ಮುಖಗಳನ್ನೆಲ್ಲ ಯಾವ ಕಾಲದಲ್ಲೋ ಯಾರೋ ಚಾಕುವಿನಿಂದ ಕೆರೆದು ಹಾಕಿದ್ದರು.

"ಇಲ್ಲಿ ನಿನಗೆ ಕಾಣೋದಷ್ಟೂ ನನಗೂ ಕಾಣುತ್ತೆ, ಭಾವ" ಅಂದ ಕ್ಲಿಫ್. ಬಹಳ ದಿನಗಳ ಮೇಲೆ ಅವನ ದನಿಯಲ್ಲಿ ಖುಷಿ ಇತ್ತು.

ಹಿಂದಿರುಗುವಾಗ ಅವನು ಕೀಲಿಯನ್ನು ಜೇಬಿಗೆ ಹಾಕಲಿಲ್ಲ. ದಾರಿಯುದ್ದಕ್ಕೂ ಎದೆಯ ಮುಂದೆ ಹಿಡಿದುಕೊಂಡೇ ನಡೆದ. ಎನಿಡ್ ಅದನ್ನು ತೆಗೆದುಕೊಂಡು, ಅವನನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಒಳಗಿನಿಂದ ಶೂಗಳ ಜೊತೆ ಒಂದು ಟವೆಲನ್ನೂ ತಂದಳು.

ಕಾರು ಊರು ದಾಟಿದ ಮೇಲೆ ಕ್ಲಿಫ್ ಕೇಳಿದ, "ಕೊನೆಗೆ ಅವಳ ಮುಖ ಹೇಗಿತ್ತು? ಸಿಟ್ಟು ಇಳಿದಿತ್ತಾ?"

"ನನಗೂ ಕಾಣ್ಲಿಲ್ಲ" ಅಂದೆ. "ತಲೆ ಬಗ್ಗಿಸಿ ನಿನ್ನ ಕಾಲು ಒರೆಸ್ತಾ ಇದ್ದಳಲ್ಲ."